ಕೊರಳಿನವರೆಗೆ ಹಾಕಿದ ಗುಂಡಿಗಳು

ಆಶ್ರಯ ಅರ್ಜಿಗಳ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕಂತೆ. ನಿಮ್ಮ ಕಚೇರಿಯ ವರದಿ ಓದಿದ ಮೇಲೆ ಆ ಪದ ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ನನ್ನ ಅಂಗಡಿಯಲ್ಲಿ ಮೂರು ವರ್ಷದಿಂದ ದುಡಿಯುತ್ತಿರುವ ಹೆಂಗಸೊಬ್ಬಳನ್ನು, ಅವಳು ಜೀವ ಕೈಯಲ್ಲಿ ಹಿಡಿದು ಓಡಿಬಂದ ಊರಿಗೇ ಇಪ್ಪತ್ತೊಂದು ದಿನಗಳಲ್ಲಿ ವಾಪಸು ಕಳಿಸಲು ನೀವು ಆದೇಶ ಹೊರಡಿಸಿದ್ದೀರಿ. ಕಾರಣ? ಅವಳ ಅಂಗಿಯ ಗುಂಡಿಗಳು ಸರಿಯಾಗಿದ್ದವು. ತಮಾಷೆ ಮಾಡುತ್ತಿಲ್ಲ, ನಿಮ್ಮ ಮಾನಸಿಕ ತಪಾಸಣೆಯ ವರದಿಯ ಎರಡನೇ ಪುಟದಲ್ಲಿ ಹಾಗೇ ಇದೆ. ಆ ಗುಂಡಿಗಳನ್ನು ಹೊಲಿದವಳು ನಾನು. ಹಾಗಾಗಿ ಎರಡು ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ದರ್ಜಿ. ಹೊಸ ಬಟ್ಟೆಗಿಂತ ಹಳೆಯದನ್ನು ಬಿಗಿ ಸಡಿಲ ಮಾಡುವ ಕೆಲಸವೇ ಜಾಸ್ತಿ. ಅಂಗಡಿಯಲ್ಲಿರುವುದು ನಾನು, ನನ್ನ ನಾದಿನಿ, ಮತ್ತು ಇವಳು. ಗುಂಡಿಯ ತೂತಿಗೆ ಅಂಚು ಹೊಲಿಯುವುದಕ್ಕೆ ನಮ್ಮಲ್ಲಿ ಕಾಜಾ ಅನ್ನುತ್ತೇವೆ. ಅದರಲ್ಲಿ ಇವಳನ್ನು ಮೀರಿಸುವವರಿಲ್ಲ. ಅದಕ್ಕೇ ಗಿರಾಕಿಗಳ ಬಾಯಲ್ಲಿ ಇವಳು ಕಾಜಕ್ಕ. ಕೆಲಸಕ್ಕೆ ಸೇರಿದ ದಿನ ಒಂದು ಅಂಗಿ ಹೊಲಿದುಕೊಡೋಣವೆಂದು ಅಳತೆಗೆ ನಿಲ್ಲಿಸಿದೆ. ಭುಜ ಆಯಿತು, ತೋಳು ಆಯಿತು, ಸೊಂಟ ಆಯಿತು. ಟೇಪನ್ನು ಕೊರಳಿಗೆ ಸುತ್ತಿದೆ ನೋಡಿ, ನಿಂತಲ್ಲೇ ಕುಸಿದುಬಿದ್ದಳು. ಕಣ್ಣು ತೆರೆದೇ ಇತ್ತು, ಉಸಿರು ಸಿಗುತ್ತಿರಲಿಲ್ಲ. ನಾದಿನಿ ನೀರು ಚಿಮುಕಿಸಿದರೆ ಇವಳು ನಾದಿನಿಯ ಕಾಲು ಹಿಡಿದುಕೊಂಡು, ಅಲ್ಲಿಲ್ಲದ ಯಾರನ್ನೋ ಬೇಡಿಕೊಳ್ಳುತ್ತಿದ್ದಳು. ಅವಳ ಊರಲ್ಲಿ ಸಮವಸ್ತ್ರದ ಒಬ್ಬ ಮನುಷ್ಯ ಇವಳ ಕೊರಳಪಟ್ಟಿ ಹಿಡಿದು ತಿರುಚುತ್ತಾ, ನಿನ್ನ ಅಣ್ಣ ಎಲ್ಲಿ ಎಂದು ಎರಡು ದಿನ ಕೇಳಿದ್ದನಂತೆ. ಎರಡನೇ ದಿನ ಇವಳು ಹೇಳಿಬಿಟ್ಟಳು. ಅಣ್ಣ ಉಳಿಯಲಿಲ್ಲ. ಇಷ್ಟನ್ನು ನನಗೆ ಹೇಳಲು ಅವಳಿಗೆ ಏಳು ತಿಂಗಳು ಬೇಕಾಯಿತು. ಆ ಮನುಷ್ಯ ಈಗ ಅದೇ ಊರಿನ ಠಾಣೆಗೆ ಮುಖ್ಯಸ್ಥ. ನೀವು ಇವಳನ್ನು ಕಳಿಸಲು ಹೊರಟಿರುವುದು ಅವನ ಕೈಗೆ.

ತಪಾಸಣೆಗೆ ಕರೆ ಬಂದಾಗ ನಾನೊಂದು ತಪ್ಪು ಮಾಡಿದೆ. ದೊಡ್ಡ ಕಚೇರಿ, ಅಚ್ಚುಕಟ್ಟಾಗಿ ಹೋಗು, ಕಂಡವರ ಮುಂದೆ ಅಳಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಹಿರಿತನ ತೋರಿಸಿದೆ. ಅವಳ ಅಂಗಿಗಳೆಲ್ಲ ಕೊರಳು ಬಿಟ್ಟವು, ಸವೆದವು. ಹೊಸದೊಂದು ಹೊಲಿದೆ. ಹೊರಗಿನ ಗುಂಡಿಗಳೆಲ್ಲ ಬರೀ ತೋರಿಕೆಗೆ, ಬಟ್ಟೆಗೇ ಕೂರಿಸಿದವು. ಒಳಗಡೆ ಒತ್ತಿ ಹಾಕುವ, ತೀರಾ ಸಡಿಲವಾದ ಟಿಚ್ ಬಟನ್ನುಗಳು. ಕೊರಳಪಟ್ಟಿಗೆ ಒಂದು ಬೆರಳು ತಾಗಿಸಿ ಎಳೆದರೆ ಸಾಕು, ಎದೆಯವರೆಗೆ ತೆರೆದುಕೊಳ್ಳುತ್ತದೆ. ಅಂಗಡಿಯಲ್ಲಿ ಇಪ್ಪತ್ತು ಸಲವಾದರೂ ಎಳೆದು ನೋಡಿದಳು. ಪ್ರತಿ ಸಲವೂ ಬಿಟ್ಟುಕೊಂಡಿತು. ಆಮೇಲೇ ಹಾಕಿಕೊಂಡು ಹೋಗಲು ಒಪ್ಪಿದ್ದು. ನನಗೆ ಕೆಲಸ ಕಲಿಸಿದವರು ಎದ್ದುಬಂದು ನೋಡಿದರೂ ಗುಟ್ಟು ಗೊತ್ತಾಗಬಾರದು, ಹಾಗೆ ಹೊಲಿದಿದ್ದೆ. ಹೆಮ್ಮೆಯೂ ಪಟ್ಟುಕೊಂಡೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನಿಮ್ಮ ಮನೋತಜ್ಞರ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೇಜಿನ ಮೇಲೆ ಫೋನು. ದುಭಾಷಿ ಆ ಫೋನಿನೊಳಗಿದ್ದರಂತೆ. ಲೈನು ಎರಡು ಸಲ ಕಡಿಯಿತಂತೆ. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ನನಗೆ ಒಂದು ಪ್ಯಾಂಟಿನ ಅಂಚು ಬಿಚ್ಚಿ ಮಡಿಸಿ ಹೊಲಿದು ಇಸ್ತ್ರಿ ಮಾಡಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಅವರು ಒಂದು ಜೀವದ ಒಳಗನ್ನು ಪೂರ್ತಿ ನೋಡಿ ಮುಗಿಸಿದರು! ವರದಿ ಹೇಳುತ್ತದೆ: "ಅರ್ಜಿದಾರರು ಶುಭ್ರವಾದ ಉಡುಪಿನಲ್ಲಿದ್ದರು. ಅಂಗಿಯ ಗುಂಡಿಗಳನ್ನು ಕೊರಳಿನವರೆಗೂ ಹಾಕಿಕೊಂಡಿದ್ದರು. ಕೊರಳಿನ ಬಳಿ ಬಿಗಿತವನ್ನು ಸಹಿಸಲಾಗದೆಂಬ ಅವರ ಹೇಳಿಕೆಗೆ ಇದು ಹೊಂದುವುದಿಲ್ಲ. ಮಾತಿನ ನಡುವೆ ಆಗಾಗ ಕೊರಳಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತಿದ್ದರು. ತಮ್ಮ ತೋರಿಕೆಯ ಬಗ್ಗೆ ಕಾಳಜಿ ಉಳ್ಳವರು. ಕಣ್ಣೀರು ಕಂಡುಬರಲಿಲ್ಲ."

ಸರಿಪಡಿಸಿಕೊಳ್ಳುತ್ತಿದ್ದರಂತೆ! ಸ್ವಾಮಿ, ಬೇಕೆಂದಾಗ ಅದು ಬಿಟ್ಟುಕೊಳ್ಳುತ್ತದೋ ಇಲ್ಲವೋ ಎಂದು ಅವಳು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನೋಡಲೆಂದೇ ಓದಿ ಬಂದ ತಜ್ಞರ ಕಣ್ಣೆದುರು ಆ ಕೈ ನಲವತ್ತು ನಿಮಿಷ ಮೇಲೆ ಕೆಳಗೆ ಆಡಿದೆ. ಅವರು ಅದಕ್ಕೆ ಶೋಕಿ ಎಂದು ಹೆಸರಿಟ್ಟು ಸಹಿ ಹಾಕಿದ್ದಾರೆ. ಅಂಗಿಯ ಗುಟ್ಟನ್ನು ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳಿದೆ. ಅಂಗಿ ವಿಷಯ ಅವರು ಕೇಳಲೇ ಇಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂದಿದ್ದು ನೀವೇ ಅಲ್ಲವಾ ಎಂದಳು.

ಇನ್ನೊಂದು ಸಾಲು ಕೇಳಿ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂಬ ಪ್ರಶ್ನೆಗೆ ಅವಳು ನಾಲ್ಕು ಅಂದಳಂತೆ. "ಸಾಧಾರಣ ಮಟ್ಟ" ಎಂದು ಬರೆದುಕೊಂಡಿದ್ದಾರೆ. ಬರೀ ನಾಲ್ಕಾ ಎಂದು ನಾನು ರೇಗಿದಾಗ ತಲೆ ತಗ್ಗಿಸಿ ಹೇಳಿದಳು.

"ಹತ್ತು ನಮ್ಮಣ್ಣಂದು. ನಾನು ಬದುಕಿದೀನಲ್ಲ. ಬದುಕಿರೋರು ಎಷ್ಟು ಅಂತ ಕೇಳೋದು?"

ತಪ್ಪು ಯಾರಿಗಾಗುವುದಿಲ್ಲ? ತೋಳು ಗಿಡ್ಡವಾದರೆ ನಾವೂ ಬಿಚ್ಚಿ ಹೊಲಿಯುತ್ತೇವೆ, ಬೈಸಿಕೊಳ್ಳುತ್ತೇವೆ. ನನಗೆ ಹೇಸಿಗೆಯಾದದ್ದು ಆಮೇಲೆ ನೀವು ನಡೆದುಕೊಂಡ ರೀತಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತಜ್ಞರು ಬರೆದರು, ನೀವು ಮುದ್ರೆ ಒತ್ತಿದಿರಿ. ಅಂಗಿಯನ್ನು ಹಿಡಿದುಕೊಂಡು ನಿಮ್ಮ ಕಿಟಕಿಗೆ ಮೂರು ಸಲ ಬಂದೆ. ಗಾಜಿನ ಆಚೆಯ ಗುಮಾಸ್ತರು ಅಂಗಿಯನ್ನು ಮುಟ್ಟಲೂ ಇಲ್ಲ. ಕೊನೆಗೆ ಒಂದು ಸಾಲಿನ ಉತ್ತರ ಬಂತು: ನಾನು ಸಂಬಂಧಿಯೂ ಅಲ್ಲ, ತಜ್ಞೆಯೂ ಅಲ್ಲ, ಆದ್ದರಿಂದ ನನ್ನ ಹೇಳಿಕೆಯನ್ನು ಪರಿಗಣಿಸಲಾಗದು. ಬೇಕಿದ್ದರೆ ಎರಡನೇ ತಪಾಸಣೆಗೆ ಅರ್ಜಿ ಹಾಕಬಹುದು, ಸರದಿ ಬರಲು ನಾಲ್ಕು ತಿಂಗಳಾಗುತ್ತದೆ. ಕಳಿಸುವುದು ಇಪ್ಪತ್ತೊಂದು ದಿನದಲ್ಲಿ, ಪರೀಕ್ಷಿಸುವುದು ನಾಲ್ಕು ತಿಂಗಳಿಗೆ! ಈ ಲೆಕ್ಕ ಹಾಕಿದವರು ರಾತ್ರಿ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಾರಾ?

ಆ ಉತ್ತರವನ್ನು ಅವಳಿಗೆ ಓದಿ ಹೇಳಿದೆ. ಸೂಜಿ ಕೆಳಗಿಟ್ಟು ಕೇಳಿದಳು.

"ಅವರ ಮುಂದೆ ನೀವೇ ನನ್ನ ಕೊರಳಿಗೆ ಟೇಪ್ ಸುತ್ತಿದ್ರೆ? ನಾನು ಬಿದ್ದೇ ಬೀಳ್ತೀನಿ. ಆಗ ನಂಬ್ತಾರಾ?"

ಥೂ, ಎಂಥ ಗತಿಗೆ ತಂದಿರಿ ಒಬ್ಬ ಹೆಂಗಸನ್ನು! ತನ್ನ ಮಾನ ಮುಚ್ಚಿಕೊಂಡು ನಿಮ್ಮೆದುರು ಕೂತದ್ದಕ್ಕೆ ಸುಳ್ಳಿ ಎಂದಿರಿ. ಇನ್ನು ನೆಲದ ಮೇಲೆ ಬಿದ್ದು ಒದ್ದಾಡಿ ತೋರಿಸಲಾ ಎಂದು ಅವಳು ಕೇಳುವ ಹಾಗೆ ಮಾಡಿದಿರಿ. ಅತ್ತರೆ ನಾಟಕ, ಅಳದಿದ್ದರೆ ಆರೋಗ್ಯ. ನಿಮ್ಮ ಮೇಜಿನ ಮುಂದೆ ನೊಂದವರು ಹೇಗೆ ಕೂರಬೇಕೋ ಒಂದು ಸುತ್ತೋಲೆಯನ್ನಾದರೂ ಹೊರಡಿಸಿ. ನಾನು ಅದಕ್ಕೆ ತಕ್ಕ ಹಾಗೆ ಹೊಲಿದುಕೊಡುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶವನ್ನು ಈ ವಾರವೇ ತಡೆಹಿಡಿಯಿರಿ. ಬೇರೆ ತಜ್ಞರಿಂದ, ದುಭಾಷಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಗಡಿಯಾರ ನೋಡದೆ ತಪಾಸಣೆ ಮಾಡಿಸಿ. ಅವರನ್ನು ಒಂದು ದಿನ ನಮ್ಮ ಅಂಗಡಿಗೆ ಕಳಿಸಿ. ದಿನಕ್ಕೆ ಒಂಬತ್ತು ಗಂಟೆ ಅವಳ ಪಕ್ಕದಲ್ಲಿ ಕೂರುವ ನಮ್ಮಿಬ್ಬರ ಮಾತನ್ನೂ ಬರೆದುಕೊಳ್ಳಲಿ.

ಇಪ್ಪತ್ತೊಂದರಲ್ಲಿ ಇವತ್ತಿಗೆ ಒಂಬತ್ತು ದಿನ ಮುಗಿದವು. ಬೆಳಿಗ್ಗೆ ಬಂದವಳೇ ಅವಳು ನನ್ನ ನಾದಿನಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಜಾ ಹಾಕುವುದನ್ನು ಹೇಳಿಕೊಡತೊಡಗಿದಳು. ದಾರವನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಬೆರಳು ಹಿಡಿದು ತೋರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಇದೇನು ಎಂದು ಕೇಳಿದೆ. "ನಾನು ಹೋದ್ಮೇಲೆ ನಿಮ್ಮ ಕೆಲಸ ನಿಲ್ಲಬಾರದಲ್ಲ" ಎಂದಳು. ನಾದಿನಿ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದನ್ನೂ ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಿ, ಮಾನ್ಯರೇ: ಅರ್ಜಿದಾರರಿಗೆ ಮುಂದಾಲೋಚನೆ ಚೆನ್ನಾಗಿದೆ, ಮನಸ್ಸು ಸ್ಥಿರವಾಗಿದೆ. ಬರೆದಾದ ಮೇಲೆ ಆದೇಶವನ್ನು ತಡೆಯಿರಿ. ಇನ್ನು ಹನ್ನೆರಡೇ ದಿನ ಇದೆ.

ಇಂತಿ,
ನಿಮ್ಮವರು ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ
ಅವರಿಗೆಂದು ಒಂದು ಸ್ಟೂಲು ಒರೆಸಿಟ್ಟಿರುವ ದರ್ಜಿ