ಚಾಕ್‌ಪೀಸ್ ಮುರಿದ ಜಾಗ

ಭಾನುವಾರ, ರಾತ್ರಿ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಇಷ್ಟು ದಿನ ಸುದ್ದೀನೇ ಇಲ್ಲ ಅಂತ ಬೈಕೊಂಡಿರ್ತೀಯ, ಬೈಕೋ. ಶಿಫ್ಟ್ ಮುಗಿಸಿ ಬಂದು ಬಿದ್ರೆ ನಾನು ಹೆಣಾನೇ. ಇವತ್ತು ಮಾತ್ರ ನಿದ್ದೆ ಹತ್ರಾನೂ ಸುಳೀತಿಲ್ಲ. ಪಿಸುಪಿಸು ಅಂತ ಹೇಳ್ತಾ ಹೋಗ್ತೀನಿ, ಫೋನ್ ಬರ್ಕೊಳ್ಳುತ್ತೆ. ತಪ್ಪಿದ್ರೆ ಬೈಗುಳ ಫೋನಿಗೆ.

ನಿಮ್ಮ ಲ್ಯಾಬಿನ ಪ್ರೊಫೆಸರ್ ಸಾಹೇಬ್ರು ಈಗ ನಮ್ಮ ಚಾನೆಲ್‌ಗೆ ವಾರವಾರ ಬರ್ತಾರೆ. ಅವರ ಕಾಲರಿಗೆ ಮೈಕ್ ಸಿಕ್ಕಿಸೋದು ನಾನೇ. ನಿನ್ನ ತಮ್ಮ ಅಂತ ಗೊತ್ತಾಗಿದ್ದೇ ತಡ, ಪ್ರೀತಿಯೋ ಪ್ರೀತಿ. "ಏನಪ್ಪಾ, ಊಟ ಆಯ್ತಾ? ಅಕ್ಕ ಫೋನ್ ಮಾಡಿದ್ಲಾ? ಏನಂದ್ಲು?" ನನ್ನ ಊಟಕ್ಕೆ ಒಂದು ಪ್ರಶ್ನೆ, ನಿನ್ನ ಮೇಲೆ ಎರಡು. ಅವತ್ತಿಂದಾನೇ ತಲೇಲಿ ಹುಳ ಕೊರೀತಿದೆ.

ಅವರು ಕ್ಲಾಸಲ್ಲಿ ಚಾಕ್‌ಪೀಸ್ ಮುರಿದು ಪಾಠ ಮಾಡ್ತಿದ್ದಿದ್ದನ್ನ ನೀನು ಮನೇಲಿ ಮಾಡಿ ತೋರಿಸ್ತಿದ್ದೆ. ಬಗ್ಗಿಸಿದ್ರೆ ನೇರ ಮುರಿಯುತ್ತೆ, ತಿರುಚಿದ್ರೆ ಓರೆಯಾಗಿ. "ಮುರಿದ ಜಾಗ ನೋಡ್ರಪ್ಪಾ, ಪಕ್ಕದಲ್ಲಿ ನಿಂತವನ ಮುಖ ನೋಡಬೇಡಿ" ಅಂತ ಅವರ ಹಾಗೇ ಮೂಗಲ್ಲಿ ಹೇಳ್ತಿದ್ದೆ. ಟಿವೀಲಿ ಅದೇ ಪಾಠಾನ ಬಿಸ್ಕತ್ತಲ್ಲಿ ಮಾಡಿ ಮನೆಮಾತಾದ್ರು. ಈಗ ಚುನಾವಣೆಗೂ ನಿಂತಿದ್ದಾರೆ. ಗೋಡೆಗೋಡೆಯಲ್ಲೂ ಚಾಕ್‌ಪೀಸ್ ಹಿಡ್ಕೊಂಡು ನಗ್ತಾರೆ.

ಮೇಲ್ಸೇತುವೆ ಕಂಬ ಕುಸಿದಿದ್ದಕ್ಕೆ ನಿನ್ನೆ ಅವರನ್ನ ಚರ್ಚೆಗೆ ಕರೆಸಿದ್ರು. ಅಲ್ಲಿ ಕ್ರೇನ್ ಓಡಿಸ್ತಿದ್ದವನು ನನ್ನ ರೂಮಿನವನೇ, ನಾವೆಲ್ಲ ದೊಡ್ಡಣ್ಣ ಅಂತ ಕರೆಯೋನು. ಕ್ರೇನ್ ತಾಗಿಸಿದ ಅಂತ ಒಳಗೆ ಹಾಕಿದ್ದಾರೆ. ಅವನ ಹಾಸಿಗೆ ಸುತ್ತಿಟ್ಟ ಹಾಗೇ ಇದೆ. ನಿರೂಪಕಿ ಕಂಬ ಮುರಿದ ಜಾಗದ ಫೋಟೋ ತೋರಿಸಿದ್ರೆ ಸಾಹೇಬ್ರು ಆ ಕಡೆ ತಿರುಗ್ಲೇ ಇಲ್ಲ. ಬಿಸ್ಕತ್ತೂ ಮುಟ್ಲಿಲ್ಲ. "ಕಂಬ ಗಟ್ಟಿಯಾಗೇ ಇತ್ತು. ಚಾಲಕನ ತಪ್ಪು" ಅಂದ್ಬಿಟ್ರು.

ಆಮೇಲೆ ಬ್ರೇಕ್. ಬ್ರೇಕಲ್ಲಿ ಅವರ ಮೈಕ್ ಆಫ್ ಮಾಡೋದು ನನ್ನ ಕೆಲಸ. ಮಾಡ್ಲಿಲ್ಲ. ಮೇಲಿನವರಿಗೆ ಮರೆತೆ ಅಂದೆ, ನಿನ್ಹತ್ರ ಯಾಕೆ ಸುಳ್ಳು, ಬೇಕಂತಲೇ. ಅವರು ಮೂಲೆಗೆ ಹೋಗಿ ಫೋನಲ್ಲಿ ಹೇಳಿದ್ದು ನನ್ನ ಹೆಡ್‌ಫೋನಿಗೆ ಬಂತು. "ಹೆದರ್ಕೋಬೇಡಮ್ಮಾ. ಆ ಕಾಂಕ್ರೀಟ್ ಪಾಸ್ ಮಾಡಿದ್ದು ನಮ್ಮ ಲ್ಯಾಬೇ ಅಂತ ಇನ್ನು ಯಾರೂ ಕೆದಕಲ್ಲ. ನಾನು ಗೆದ್ದ ಮೇಲೆ ಲ್ಯಾಬೇ ನಿಂದು."

ಯಾರಕ್ಕಾ ಆ ಅಮ್ಮ? ಲ್ಯಾಬಲ್ಲಿ ಹೆಂಗಸರು ನಾಲ್ಕೈದು ಜನ ಇದ್ದೀರಲ್ಲ, ನಿಂಗೆ ಗೊತ್ತಿರುತ್ತೆ.

ಬುಧವಾರ ದೊಡ್ಡಣ್ಣನನ್ನ ಕೋರ್ಟಿಗೆ ತರ್ತಾರೆ. ಅವನ ಹೆಂಡತಿ ಬಂದಿದ್ಲು. "ನಿನ್ನಕ್ಕ ಇಂಜಿನಿಯರ್ ಅಲ್ವೇನಪ್ಪಾ, ಒಂದು ಮಾತು ಕೇಳಿ ನೋಡು" ಅಂದ್ಲು. ಕೇಳ್ತೀನಿ ಅಂದೆ.

ಅಮ್ಮನಿಗೆ ಚೆನ್ನಾಗಿ ಉಣ್ತಿದ್ದೀನಿ ಅನ್ನು. ಪುಟ್ಟಿಗೆ ಈ ಮಾಮನ ಆಶೀರ್ವಾದ, ಹಲ್ಲು ಬಿದ್ದ ಫೋಟೋ ಕಳಿಸು.

ನಿನ್ನ
ಕಿರಿಕಿರಿ

ಮರೆತಿದ್ದು: ಮರೆತಿಲ್ಲ, ಬಾಯಿ ಬರ್ಲಿಲ್ಲ. ಅವರು ಫೋನನ್ನ ಸ್ಪೀಕರಲ್ಲಿ ಸಣ್ಣಗಿಟ್ಟು ಕಾಲರ್ ಹತ್ರಾನೇ ಹಿಡ್ಕೊಂಡಿದ್ರು. ಆ ಕಡೆಯವಳು "ಸರಿ ಸಾರ್" ಅಂತಷ್ಟೇ ಅಂದ್ಲು, ಅದರಲ್ಲಿ ದನಿ ಗುರುತು ಹತ್ತಲ್ಲ. ಆದ್ರೆ ಹಿಂದಿಂದ ಒಂದು ಮಗು, "ಅಮ್ಮಾ, ಟಿವೀಲಿ ಮಾಮ ಯಾವಾಗ ಕಾಣಿಸ್ತಾನೆ?" ಅಂತು. ಪುಟ್ಟಿ ದನಿ ನಂಗೆ ಗೊತ್ತಾಗಲ್ವೇನಕ್ಕಾ? ಬುಧವಾರ ಕೋರ್ಟಿಗೆ ನೀನೇ ಬಾ. ನೀನು ಬರ್ಲಿಲ್ಲ ಅಂದ್ರೆ ನಾನು ಹೋಗಬೇಕಾಗುತ್ತೆ.