ವಿಕಿರಣದ ಪಾರ್ಟು

ನವೆಂಬರ್ ೧೮, ಮಂಗಳವಾರ. ರಾಯದುರ್ಗ.

ನಲವತ್ತು ವರ್ಷ ರಂಗದ ಮೇಲೆ ಗರ್ಜಿಸಿದವನನ್ನು ಇವತ್ತು ಸ್ವಂತ ಮಗಳೇ ರಂಗದಿಂದ ಇಳಿಸಿದಳು!

ನಾಳೆ ಅನಂತಪುರದ ಕಾಲೇಜಿನಲ್ಲಿ ಶಿರಿಷಾ ತಾನು ಸಂಶೋಧಿಸುತ್ತಿರುವ ಒಂದು ಅನಿಲದ ಕುರಿತು ಮಾತನಾಡಬೇಕು. ಜನರೆದುರು ಅವಳು ತಡವರಿಸುತ್ತಾಳೆ; ಚಿಕ್ಕಂದಿನಿಂದ ಅವಳ ಮಾತನ್ನೆಲ್ಲ ನಾನೇ ಆಡಿದ್ದೇನೆ. ಅದಕ್ಕೇ ಸಂಜೆ ನಮ್ಮ ಜೀನ್ಸ್ ಶೆಡ್ಡಿನಲ್ಲಿ ತಾಲೀಮು. ಹೊಲಿಗೆಯವರು ಐದೈದು ಜನ ಕೈ ಹಿಡಿದು ಸಾಲಾಗಿ ನಿಂತರು: ನಡುವೆ ಮೂವರು ಇಂಗಾಲ, ಎರಡು ತುದಿಗೆ ಆಮ್ಲಜನಕ; ಒಂದು ಸಾಲೆಂದರೆ ಒಂದು ಅಣು. ಈ ಅನಿಲದ ಅಣುಗಳಿಗೆ ವಿಕಿರಣ ತಾಗಿದರೆ ಅವು ಒಂದಕ್ಕೊಂದು ಬೆಸೆದು ಕೆಂಗಂದು ಪದರವಾಗುತ್ತವಂತೆ. ವಿಕಿರಣ ಯಾರು? ನಾನೇ! ಅಬ್ಬರಿಸುತ್ತ ನುಗ್ಗಿ, ಒಂದೊಂದು ಸಾಲನ್ನೂ ಎಳೆದು ಪಕ್ಕದ್ದಕ್ಕೆ ಜೋಡಿಸತೊಡಗಿದೆ.

"ಅಪ್ಪಾ, ನಿಲ್ರಿ!" ಎಂದಳು. "ಕಿರಣ ಒಂದನ್ನ ಕೆಣಕಿ ಹೋಗಿಬಿಡ್ತೈತಿ. ಆಮ್ಯಾಲ ಅವು ತಾವೇ ಕೈ ಹಿಡ್ಕೊಂತಾವ. ನೀವ್ಯಾಕ ನಡುವ ನಿಂತೀರಿ?"

ಗುಂಡಿ ಹಚ್ಚುವ ಪದ್ಮಾವತಮ್ಮ ನಕ್ಕರು: "ಮೇಷ್ಟ್ರೇ, ನಿಮ್ಮ ಪಾರ್ಟು ಮುಗೀತ್ರಿ, ಇಳೀರಿ!"

ಗೋಡೆಗೆ ಒರಗಿ ನಿಂತೆ. ಅವಳೊಬ್ಬಳೇ ಮಾತನಾಡಿದಳು. ಒಮ್ಮೆ ತಡವರಿಸಿದಳು, ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವಳೇ ಮುಂದುವರಿಸಿದಳು! ಇಷ್ಟು ವರ್ಷ ಯಾಕೆ ನುಂಗಲಿಲ್ಲವೋ...

ನಾಳೆ ಅವಳನ್ನು ಬಸ್ಸು ಹತ್ತಿಸಿ ಬರುತ್ತೇನೆ, ಅಷ್ಟೇ. ಅನಂತಪುರಕ್ಕೆಂದು ಇಸ್ತ್ರಿ ಹಾಕಿಸಿದ್ದ ಜುಬ್ಬವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ.