ವಿಭೂತಿ ಬಳಿದ ಡ್ರಮ್ಮುಗಳು

ಶಿರಾ
೨೩ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ಅಪ್ಪಾಜಿಗೆ ಪರಮೇಶನ ಶರಣು.

ಕಣ್ಣು ಹೇಗಿದೆ? ಪೊರೆ ತೆಗೆಸಿ ಎರಡು ವಾರವಾಯಿತಷ್ಟೆ, ಆಗಲೇ ಕಪ್ಪು ಕನ್ನಡಕ ಬದಿಗಿಟ್ಟು ತೋವಿನಕೆರೆಯೆಲ್ಲ ಸುತ್ತುತ್ತೀರಂತೆ. ಪುಷ್ಪಾವತಿ ಅಕ್ಕ ಫೋನಿನಲ್ಲಿ ಚಾಡಿ ಹೇಳಿದಳು. ಹನಿ ಔಷಧಿ ಹಾಕುವಾಗ ಅವಳ ಮೇಲೆ ರೇಗಬೇಡಿ. ನಿಮಗೆಂದೇ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅರ್ಧಕ್ಕೇ ನೀವು ಗದರುತ್ತೀರಿ, ನಾನು ಸುಮ್ಮನಾಗುತ್ತೇನೆ. ನಮ್ಮಿಬ್ಬರ ಮಾತು ನಾನು ಹುಟ್ಟಿದಾಗಿನಿಂದ ಹೀಗೇ ನಡೆದಿದೆ. ಕಾಗದವನ್ನು ಗದರಿಸಿದರೂ ಅದು ಬಾಯಿ ಮುಚ್ಚುವುದಿಲ್ಲವಲ್ಲ.

ಫ್ಯಾಕ್ಟರಿಯಲ್ಲಿ ಸಣ್ಣ ತೊಂದರೆ ಆಯಿತು ಎಂದು ಹೋದ ವಾರ ಹೇಳಿದ್ದು ಪೂರ್ತಿ ನಿಜವಲ್ಲ ಅಪ್ಪಾಜಿ. ಹಬ್ಬದ ರಜೆ ಮುಗಿದು ಬಾಗಿಲು ತೆಗೆದ ಸೋಮವಾರ, ನೂಲು ಬಿಳುಪು ಮಾಡುವ ಹೈಪೋವನ್ನು ತೊಟ್ಟಿಗೆ ಸುರಿಯಲು ಹೋದ ಚಿಕ್ಕನರಸಯ್ಯ ಆಸಿಡ್ ಡ್ರಮ್ಮು ಬಗ್ಗಿಸಿಬಿಟ್ಟರು. ತೊಟ್ಟಿಯಲ್ಲಿ ಹಳೆಯ ಹೈಪೋ ಇನ್ನೂ ಇತ್ತು. ಎರಡೂ ಕೂಡಿದರೆ ಏನಾಗುತ್ತದೆ ಎಂದು ನನಗೆ ಕಲಿಸಿದವರೇ ನೀವು. ಹಸಿರು ಹಳದಿ ಹೊಗೆ ಎದ್ದಿತು. ಉಳಿದವರೆಲ್ಲ ಹೊರಗೆ ಓಡಿದರು. ಅವರು ಮಾತ್ರ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ತಿರುಗಿಸಿಯೇ ಬಂದರಂತೆ. ಆ ಒಂದು ನಿಮಿಷ ಅವರ ಎದೆಯನ್ನು ಸುಟ್ಟಿತು. ಈಗ ತುಮಕೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾರೆ. ಜೀವಕ್ಕೆ ಭಯವಿಲ್ಲ, ಆದರೆ ಮತ್ತೆ ಭಾರ ಎತ್ತುವಷ್ಟು ಉಸಿರು ಬರುವುದು ಅನುಮಾನ ಎಂದರು ಡಾಕ್ಟರು.

ಅವರ ತಪ್ಪೇನು ಹೇಳಿ. ಆಯುಧಪೂಜೆಗೆ ಡ್ರಮ್ಮುಗಳಿಗೂ ಮೈ ತೊಳೆಸಬೇಕೆಂಬ ಪದ್ಧತಿ ನಿಮ್ಮದು. ತೆಂಗಿನ ನಾರಿನಿಂದ ಉಜ್ಜಿ, ಅಂಟಿದ ಚೀಟಿಯನ್ನೆಲ್ಲ ಕೆರೆದು ತೆಗೆದು, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಿರಿ. ‘ಚೀಟಿ ಮ್ಯಾಲೆ ಈಬೂತಿ ನಿಲ್ಲಾಕಿಲ್ಲ ಕಣ್ಲಾ’ ಎನ್ನುತ್ತಿದ್ದಿರಿ. ನಿಮ್ಮ ಕಾಲಕ್ಕೆ ಅದು ನಡೆಯಿತು. ಆಗ ಆಸಿಡ್ ಕಪ್ಪು ಡ್ರಮ್ಮಿನಲ್ಲಿ ಬರುತ್ತಿತ್ತು, ಹೈಪೋ ನೀಲಿಯಲ್ಲಿ. ಎರಡು ವರ್ಷದಿಂದ ಎರಡೂ ನೀಲಿಯೇ. ಅದು ಗೊತ್ತಿದ್ದೂ, ಸ್ಟೋರಿನಲ್ಲಿ ನಿಮ್ಮ ಜಾಗಕ್ಕೆ ಬಂದ ಮಗ ಪದ್ಧತಿ ಬಿಟ್ಟ ಎಂದು ಯಾರೂ ಆಡಿಕೊಳ್ಳಬಾರದೆಂದು ನಾನು ನಿಮಗಿಂತ ಜೋರಾಗಿ ಉಜ್ಜಿಸಿದೆ. ಹೋದ ವರ್ಷ ಪೂಜೆ ಮುಗಿದ ಕೂಡಲೇ ಹೊಸ ಚೀಟಿ ಅಂಟಿಸಿದ್ದೆ. ಈ ಸಲ ವಿಭೂತಿ ಹಬ್ಬ ಮುಗಿಯುವವರೆಗೆ ಇರಲಿ, ಸೋಮವಾರ ಹೋಗಿ ಅಂಟಿಸೋಣ ಎಂದುಕೊಂಡೆ. ಲೋಹಿತಾಳನ್ನು ಪಾವಗಡದ ಬಸ್ಸು ಹತ್ತಿಸಿ, ತವರಿಗೆ ಕಳಿಸಿ ನಾನು ಹೋಗುವಾಗ ಹತ್ತು ಗಂಟೆ. ಹೊಗೆ ಎದ್ದದ್ದು ಒಂಬತ್ತಕ್ಕೆ.

ಆಗಸ್ಟಿನಲ್ಲಿ ಸುರಕ್ಷತೆಯ ಅಧಿಕಾರಿ ಬಂದು ಬಿಡಿಸಿ ಬಿಡಿಸಿ ಹೇಳಿದ್ದರು. ಆಸಿಡ್ ಒಂದು ಕೋಣೆ, ಹೈಪೋ ಇನ್ನೊಂದು ಕೋಣೆ, ಚೀಟಿ ಎದುರಿಗೇ ಕಾಣಬೇಕು, ಪ್ರತಿ ಶನಿವಾರ ನೋಡಿ ಪುಸ್ತಕಕ್ಕೆ ರುಜು ಹಾಕಬೇಕು. ನಾನು ತಲೆಯಾಡಿಸಿದ್ದೆ. ಈ ಹಬ್ಬದ ವಾರ, ಶನಿವಾರ ವಿಜಯದಶಮಿ ರಜೆಯೆಂದು ಗುರುವಾರವೇ ‘ಎಲ್ಲ ಚೀಟಿಗಳೂ ಸರಿಯಾಗಿವೆ’ ಎಂದು ದುಂಡಗೆ ಬರೆದು ರುಜು ಹಾಕಿದ್ದೆ. ನಿಯಮವೆಂದರೆ ಅಧಿಕಾರಿ ಬಂದಾಗ ತೋರಿಸುವ ಪುಸ್ತಕ ಅಂದುಕೊಂಡಿದ್ದೆ. ಚಿಕ್ಕನರಸಯ್ಯ ಒಬ್ಬರೇ ಡ್ರಮ್ಮಿನ ಮುಂದೆ ನಿಂತಾಗ ಅದು ಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ನಾಡಿದ್ದು ಶುಕ್ರವಾರ ವಿಚಾರಣೆ. ಮಾಲೀಕರು ಪ್ರಸನ್ನ ಕುಮಾರ್, ನಿಮ್ಮ ಹಳೆಯ ಯಜಮಾನರ ಮಗ, ಹೊಗೆ ಎದ್ದ ಮರುದಿನವೇ ನನ್ನನ್ನು ಕರೆದು ‘ವಯಸ್ಸಾದ ಆಳು, ಓದೋಕೆ ಬರಲ್ಲ, ನೋಡದೆ ಸುರಿದ ಅಂತ ಬರ್ಕೊಡಿ ಪರಮೇಶ್’ ಎಂದರು. ಬರೆದುಕೊಟ್ಟೆ ಅಪ್ಪಾಜಿ. ಮುಚ್ಚಿಟ್ಟು ಏನು ಪ್ರಯೋಜನ? ಹಾಗೆ ದಾಖಲಾದರೆ ಚಿಕ್ಕನರಸಯ್ಯನವರ ಕೆಲಸವೂ ಹೋಗುತ್ತದೆ, ಆಸ್ಪತ್ರೆಯ ಖರ್ಚೂ ಅವರ ತಲೆಗೇ ಬರುತ್ತದೆ ಎಂದು ಗೊತ್ತಿದ್ದೇ ಬರೆದೆ. ಭಾನುವಾರ ಅವರನ್ನು ನೋಡಲು ಹೋದೆ. ಅವರು ಏದುಸಿರಿನಲ್ಲೇ ‘ಸ್ವಾಮೇರ ಕಣ್ಣು ಹೆಂಗೈತೆ?’ ಎಂದು ಮೊದಲು ನಿಮ್ಮನ್ನು ಕೇಳಿದರು. ಅವರ ಹೆಂಡತಿ ಚಿಕ್ಕಹನುಮಕ್ಕ ಮಾತ್ರ ನನ್ನನ್ನು ಬಾಗಿಲಾಚೆ ನಿಲ್ಲಿಸಿಕೊಂಡು, ‘ಓದಾಕ್ ಬರಾಕಿಲ್ಲ ಅಂತ ಬರ್ದವ್ರಂತೆ. ನಮ್ಮೋರು ಏಳ್ನೇ ಕ್ಲಾಸು ಓದವ್ರೆ. ಅಲ್ಲಿ ಓದಾಕೆ ಏನಿತ್ತು ಸ್ವಾಮಿ?’ ಎಂದಳು.

ಸೋಮವಾರ ಅಧಿಕಾರಿಗೆ ಬೇರೆ ಹೇಳಿಕೆ ಕೊಟ್ಟೆ. ಚೀಟಿ ಕೆರೆಸಿದ್ದು ನಾನು, ನೋಡದೆ ರುಜು ಹಾಕಿದ್ದೂ ನಾನು ಎಂದು ಬರೆದೆ. ಇದು ಎಂದಿನಿಂದ ಬಂದ ಪದ್ಧತಿ ಎಂದು ಅವರು ಕೇಳಿದಾಗ ನಿಮ್ಮ ಹೆಸರು ಹೇಳಲೇಬೇಕಾಯಿತು. ಅದಕ್ಕೆ ನನ್ನನ್ನು ಕ್ಷಮಿಸಿ. ನಿಮ್ಮ ಕೈಯಿಂದ ಒಂದು ಹನಿಯೂ ಚೆಲ್ಲಿದ್ದಿಲ್ಲ ಎಂಬುದನ್ನೂ ಹೇಳಿದ್ದೇನೆ.

ಕಾಗದವನ್ನು ಕಂಡಕ್ಟರ್ ರುದ್ರಮುನಿ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ಸಿಗುತ್ತದೆ. ಅಕ್ಕನಿಗೆ, ಭಾವನಿಗೆ ಶರಣು ತಿಳಿಸಿ. ಬಿಸಿಲಿನಲ್ಲಿ ತಿರುಗಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗ
ಪರಮೇಶ್

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಬಸ್ಸು ಹೊರಡುತ್ತಿದೆ. ನಾಳೆ ಬೆಳಿಗ್ಗೆ ಪ್ರಸನ್ನ ಕುಮಾರ್ ನಿಮ್ಮಲ್ಲಿಗೆ ಬರುತ್ತಾರೆ. ಕಣ್ಣು ವಿಚಾರಿಸಿ, ಕೊನೆಗೆ ಒಂದು ಕಾಗದ ಮುಂದಿಡುತ್ತಾರೆ. ಅಂಥ ಪದ್ಧತಿ ಎಂದೂ ಇರಲಿಲ್ಲ, ಮಗ ಹೆದರಿ ಏನೋ ಬರೆದಿದ್ದಾನೆ ಎಂದು ಅದರಲ್ಲಿದೆ. ನೀವು ರುಜು ಹಾಕಿದರೆ ನನ್ನ ಕೆಲಸ ಉಳಿಯುತ್ತದಂತೆ. ಹಾಕದಿದ್ದರೆ ಚಿಕ್ಕನರಸಯ್ಯ ಉಳಿಯುತ್ತಾರೆ. ಅಪ್ಪಾಜಿ, ನಾಳೆ ಅವರೆದುರು ನನ್ನ ತಂದೆಯಾಗಿ ಕೂರಬೇಡಿ. ಮೂವತ್ತು ವರ್ಷ ಸ್ಟೋರು ನೋಡಿಕೊಂಡ ಮಹಾಲಿಂಗಯ್ಯನವರಾಗಿ ಕೂರಿ.